ಮೀನು ಹಿಡಿಯುವ ದೋಣಿಗೆ ಹೊದಿಕೆ: ಮಳೆಗಿಂತ ಮೊದಲು ಬಿಸಿಲು ನೋಡಿ

ನೀವು ಕೇಳಿದ್ದು ಇಷ್ಟು: ನಾರಾಯಣಪುರ ಹಿನ್ನೀರಿನಲ್ಲಿ ಮೀನು ಹಿಡಿಯಲು 16 ಅಡಿಯ ಫೈಬರ್ ದೋಣಿ ತಗೊಂಡಿದ್ದೀರಿ. ವರ್ಷದಲ್ಲಿ ಕೆಲವು ತಿಂಗಳು ಅದು ದಡದ ಮೇಲೇ ಇರುತ್ತೆ. ಸಂತೆಯಲ್ಲಿ ಸಿಗುವ ನೀಲಿ ತಾಡಪತ್ರಿ ಸಾಕಾ, ಇಲ್ಲ ಲಾರಿಗೆ ಹಾಕುವ ದಪ್ಪದ್ದೇ ಬೇಕಾ?

ನನ್ನ ಕೇಳಿದರೆ ಎರಡೂ ಬೇಡ. 250 ಜಿಎಸ್ಎಂನ (ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ), ಬಿಸಿಲು ತಡೆಯುವ ಯುವಿ ಗುಣ ಇರುವ ತಾಡಪತ್ರಿ ತಗೊಳ್ಳಿ. ಅಳತೆ 18×12 ಅಡಿ. ಆದರೆ ಅದರ ಕೆಳಗೆ ಕಮಾನು ಕಟ್ಟಲೇಬೇಕು. ಕಮಾನು ಇಲ್ಲದಿದ್ದರೆ ಎಷ್ಟೇ ದಪ್ಪದ್ದು ತಂದರೂ ದುಡ್ಡು ದಂಡ.

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಕಾರಂಜಾ ಹಿನ್ನೀರಿನಲ್ಲಿ ನಮ್ಮ ದೋಣಿ ಇದೆ, ಹೆಚ್ಚುಕಡಿಮೆ ನಿಮ್ಮಷ್ಟೇ ಉದ್ದದ್ದು. ಮೊದಲ ವರ್ಷ ನಾನೂ ಸಂತೆಯ ನೀಲಿ ಹಾಳೆಯನ್ನೇ ತಂದಿದ್ದೆ. ಯುಗಾದಿಗೆ ಹೊದಿಸಿದ್ದು, ಕಾರಹುಣ್ಣಿಮೆ ಹೊತ್ತಿಗೆ ಚಿಂದಿ. ಮಳೆ ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿ ಆಗ್ತಿತ್ತು. ಆ ಪುಡಿಯೆಲ್ಲ ಬಲೆಯ ಕಣ್ಣುಗಳಲ್ಲಿ ಸೇರಿಕೊಂಡಿತ್ತು, ಅದನ್ನು ಬಿಡಿಸುತ್ತಾ ಒಂದು ಇಡೀ ದಿನ ಕೂತೆ. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಅಲ್ವಾ? ಹಾಗಾಗಿ ಹೊದಿಕೆಯನ್ನು ಮೊದಲು ತಿನ್ನುವುದು ಬಿಸಿಲು. ಮಳೆ ಆಮೇಲೆ ಬರುತ್ತೆ, ಬಿಸಿಲು ಮಾಡಿಟ್ಟ ತೂತಿನಲ್ಲಿ ಒಳಗೆ ಇಳಿಯುತ್ತೆ.

ಫೈಬರ್ ದೋಣಿಗೆ ಹೊದಿಕೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಬಿಸಿಲಲ್ಲೇ ಬಿಟ್ಟ ದೋಣಿಯ ಅಂಚನ್ನು ಬೆರಳಿಂದ ಒಮ್ಮೆ ಒರೆಸಿ ನೋಡಿ. ಸುಣ್ಣದ ಪುಡಿ ತರ ಬಿಳಿ ಹತ್ತುತ್ತೆ. ಅದು ಮೇಲಿನ ಹೊಳಪಿನ ಪದರ ಸವೆಯುತ್ತಿರುವ ಗುರುತು. ಒಳಗೆ ನೈಲಾನ್ ಬಲೆ ಇಟ್ಟಿದ್ದರೆ ಅದರ ಕಥೆ ಇನ್ನೂ ಕೆಟ್ಟದ್ದು, ನೈಲಾನ್ ದಾರಕ್ಕೆ ಬಿಸಿಲೇ ಶತ್ರು. ನೋಡಲು ಚೆನ್ನಾಗೇ ಇರುತ್ತೆ, ಕಟ್ಲಾ ಮೀನು ಒಮ್ಮೆ ಜಗ್ಗಿದರೆ ಹರಿದು ಹೋಗುತ್ತೆ.

ನಮ್ಮ ಕಾಕಾನ ಕಾಲದಲ್ಲಿ ಈ ತಲೆಬಿಸಿಯೇ ಇರಲಿಲ್ಲ. ಬಿದಿರಿನ ಹರಗೋಲು, ಹೊರಗೆ ಡಾಂಬರು ಬಳಿದ ಹಾಳೆ. ಕೆಲಸ ಮುಗಿದ ಮೇಲೆ ತಲೆ ಮೇಲೆ ಹೊತ್ತು ತಂದು ಬೋರಲು ಹಾಕಿದರೆ ಆಯ್ತು. ಅದೇ ದೋಣಿ, ಅದೇ ಹೊದಿಕೆ! ನಿಮ್ಮ 16 ಅಡಿಯದನ್ನು ಹಾಗೆ ಮಗುಚಲು ನಾಲ್ಕು ಜನ ಬೇಕು. ದಿನಾ ನಾಲ್ಕು ಜನ ಸಿಕ್ಕರೆ ಮಗುಚಿಯೇ ಇಡಿ, ಅದಕ್ಕಿಂತ ಒಳ್ಳೆಯದಿಲ್ಲ.

ಈಗ ಜಿಎಸ್ಎಂ ವಿಷಯ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದೇ ಜಿಎಸ್ಎಂ. ಅಂಗಡಿಯವರು ಬಾಯಲ್ಲಿ ಏನು ಬೇಕಾದರೂ ಹೇಳುತ್ತಾರೆ, ತಕ್ಕಡಿ ಸುಳ್ಳು ಹೇಳುವುದಿಲ್ಲ. 18×12 ಅಡಿ ಅಂದರೆ ಸುಮಾರು 20 ಚದರ ಮೀಟರ್. 250 ಜಿಎಸ್ಎಂ ನಿಜವೇ ಆಗಿದ್ದರೆ ತೂಕ 5 ಕೆಜಿ ಹತ್ತಿರ ಬರಬೇಕು. ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿ. ನಾನು ಹಾಗೆ ತೂಗಿಸಿದಾಗ ಒಂದು ಅಂಗಡಿಯ ‘250’ ಮೂರು ಕೆಜಿ ಚಿಲ್ಲರೆ ಬಂತು. ಸುಮ್ನೆ ವಾಪಸ್ ಕೊಟ್ಟು ಬಂದೆ. ಅಳತೆಯನ್ನೂ ಟೇಪು ಹಿಡಿದೇ ನೋಡಿ. ಎಷ್ಟೋ ಸಲ 18 ಅಡಿ ಅನ್ನೋದು ಅಂಚು ಮಡಚುವ ಮುಂಚಿನ ಲೆಕ್ಕ ಆಗಿರುತ್ತೆ.

ಲಾರಿಯ ಪಿವಿಸಿ ತಾಡಪತ್ರಿ ಗಟ್ಟಿ, ಅದರಲ್ಲಿ ಅನುಮಾನ ಇಲ್ಲ. ಆದರೆ 600 ಜಿಎಸ್ಎಂನದು ಇದೇ ಅಳತೆಗೆ 12 ಕೆಜಿ ಆಗುತ್ತೆ. ಬೆಳಗಿನ ಜಾವ ಒಬ್ಬರೇ ಅದನ್ನು ಎಳೆದು, ಮಡಚಿ, ಪಕ್ಕಕ್ಕೆ ಇಟ್ಟು ದೋಣಿ ಇಳಿಸುವುದು ಬೇಜಾರಿನ ಕೆಲಸ. ಬೇಜಾರಾದ ಹೊದಿಕೆಯನ್ನು ಯಾರೂ ಹಾಕುವುದಿಲ್ಲ. ನಾಲ್ಕಾರು ತಿಂಗಳು ದೋಣಿ ಮುಟ್ಟುವುದೇ ಇಲ್ಲ ಅಂದರೆ ಮಾತ್ರ ಅದನ್ನು ದೋಣಿಯ ಆಕಾರಕ್ಕೆ ಹೊಲಿಸಿ. ಲಾರಿ ತಾಡಪತ್ರಿ ಹೊಲಿಯುವವರೇ ಹೊಲಿದು ಕೊಡುತ್ತಾರೆ. ಹಳೇ ಹತ್ತಿಯ ಕ್ಯಾನ್ವಾಸ್ ಗಾಳಿ ಆಡಲು ಚಲೋ, ಆದರೆ ನೀರು ಕುಡಿದು ಭಾರ ಆಗುತ್ತೆ, ಒದ್ದೆ ಇದ್ದಾಗಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ.

ರೈತ ಸಂಪರ್ಕ ಕೇಂದ್ರದಿಂದ ಸಹಾಯಧನದಲ್ಲಿ ತಂದ ತಾಡಪತ್ರಿ ಮನೆಯಲ್ಲಿದ್ದರೆ ಅದನ್ನು ತೊಗರಿ ರಾಶಿಗೇ ಬಿಡಿ. ಅದನ್ನು ಕತ್ತರಿಸಿದರೆ ಮಡಚಿದ ಅಂಚು ಹೋಗುತ್ತೆ, ಹಗ್ಗದ ಕಣ್ಣು ಹೋಗುತ್ತೆ, ದಾರ ಬಿಚ್ಚಿಕೊಳ್ಳುತ್ತೆ. ಕತ್ತರಿಸಿದ್ದು ಗೊತ್ತಾದರೆ ಮನೆಯಲ್ಲಿ ಅಪ್ಪನೂ ಬಿಡುವುದಿಲ್ಲ. ಇನ್ನು ಎಲೆಕ್ಷನ್ ಮುಗಿದ ಮೇಲೆ ಪುಕ್ಕಟೆ ಸಿಗುವ ಫ್ಲೆಕ್ಸ್. ಅದನ್ನೂ ಒಂದು ವರ್ಷ ಹಾಕಿದ್ದೆವು. ನಾಯಕರು ಕೈ ಮುಗಿದುಕೊಂಡು ದೋಣಿ ಮೇಲೆ ಮಲಗಿದ್ದರು. ಬಿಸಿಲಿಗೆ ಮುಖದ ಮಧ್ಯವೇ ಬಿರುಕು ಬಿಟ್ಟಿತು.

ಕಮಾನು ಯಾಕೆ ಬೇಕು ಅಂತ ಹೇಳುತ್ತೇನೆ, ಇದೇ ಮುಖ್ಯ. ದೋಣಿಯ ಎರಡು ಅಂಚಿನ ಮೇಲೆ ಹಾಳೆಯನ್ನು ಚಪ್ಪಟೆಯಾಗಿ ಬಿಗಿದರೆ ಮೊದಲ ಮಳೆಗೆ ಮಧ್ಯ ಜೋಲುತ್ತೆ. ಅಲ್ಲಿ ನೀರು ನಿಲ್ಲುತ್ತೆ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಇಂಚು ಆಳ ನಿಂತರೂ 85 ಲೀಟರ್ ಆಯ್ತು, ಅಂದರೆ 85 ಕೆಜಿ. ಒಬ್ಬ ಆಳು ಹಾಳೆ ಮೇಲೆ ರಾತ್ರಿಯಿಡೀ ಕೂತ ಹಾಗೆ. ಹಗ್ಗದ ಕಣ್ಣುಗಳು ಹರಿಯುವುದು ಇದಕ್ಕೇ, ಗಾಳಿಗಿಂತ ಜಾಸ್ತಿ.

ಹಿಂದೆ ಎತ್ತಿನ ಬಂಡಿಗೆ ಕಮಾನು ಕಟ್ಟಿ ಮೇಲೆ ಚಾಪೆ ಹೊದಿಸುತ್ತಿದ್ದರಲ್ಲ, ಅದೇ ರೀತಿ. ಮುಕ್ಕಾಲು ಇಂಚಿನ ಪೈಪು ಮನೆಯಲ್ಲಿ ಬಿದ್ದಿರುತ್ತೆ, ಇಲ್ಲದಿದ್ದರೆ ಹಸಿ ಬಿದಿರಿನ ಸೀಳು. ಮೂರು ಅಡಿಗೊಂದರಂತೆ ನಾಲ್ಕೈದು ಕಮಾನು ಸಾಕು, ಮಧ್ಯ ದೋಣಿಯ ಅಂಚಿಗಿಂತ ಒಂದೂವರೆ ಅಡಿ ಎತ್ತರ ಬರಲಿ. ಮೇಲೆ ಉದ್ದಕ್ಕೆ ಒಂದು ಹಗ್ಗ ಬಿಗಿಯಾಗಿ ಎಳೆಯಿರಿ. ಪೈಪಿನ ತುದಿ, ಬೋಲ್ಟು, ಮೂಲೆ, ಎಲ್ಲಿ ಹಾಳೆ ಉಜ್ಜುತ್ತೋ ಅಲ್ಲೆಲ್ಲ ಹಳೇ ಸೈಕಲ್ ಟ್ಯೂಬು ಸುತ್ತಿ. ನಿಮ್ಮ ದೋಣಿ 5 ಅಡಿ ಅಗಲ ಅಂದುಕೊಂಡರೆ ಕಮಾನಿನ ಮೇಲೆ ಸುಮಾರು 6 ಅಡಿ ಹೋಗುತ್ತೆ, ಉಳಿದದ್ದು ಎರಡೂ ಪಕ್ಕ ಮೂರು ಮೂರು ಅಡಿ ಇಳಿಯುತ್ತೆ. ಅದಕ್ಕೇ 12 ಅಡಿ ಅಗಲ ಹೇಳಿದ್ದು.

ಮುಂದೆ ಹಿಂದೆ ಮಾತ್ರ ಪೂರ್ತಿ ಮುಚ್ಚಬೇಡಿ, ಒಂದು ಗೇಣು ತೆರೆದೇ ಇರಲಿ. ನಾನು ಒಮ್ಮೆ ಲಗೇಜು ಕಟ್ಟಿದ ಹಾಗೆ ಬಿಗಿದು ಹೋಗಿದ್ದೆ. ಹದಿನೈದು ದಿನ ಬಿಟ್ಟು ತೆಗೆದರೆ ಒಳಗಿಂದ ಬಂದ ವಾಸನೆಗೆ ನಾಯಿಯೂ ದೂರ ಸರಿಯಿತು. ಹಲಗೆ ತುಂಬ ಕಪ್ಪು ಬೂಷ್ಟು. ಕಾಕಾ ನೋಡಿ ಹೇಳಿದ್ದು ಇಷ್ಟೇ: “ದೋಣಿಗೂ ಉಸುರಾಡ್ಲಾಕ ಜಾಗಾ ಬಿಡೋ ತಮ್ಮಾ.” ದೋಣಿಯ ಮೂತಿ ಸ್ವಲ್ಪ ಎತ್ತರಿಸಿ, ಹಿಂದಿನ ನೀರು ಬಿಡುವ ಬಿರಡೆ ತೆಗೆದಿಡಿ. ಹನಿ ಸೋರಿದರೂ ಹರಿದು ಹೋಗುತ್ತೆ. ಮತ್ತೆ ನೀರಿಗಿಳಿಸುವಾಗ ಬಿರಡೆ ಹಾಕುವುದು ಮರೆಯಬೇಡಿ. ನಗಬೇಡಿ, ಮರೆತವರಿದ್ದಾರೆ.

ಎಂಜಿನ್ ಇದ್ದರೆ ತಣ್ಣಗಾದ ಮೇಲೆ ಹೊದಿಸಿ. ಬಿಸಿ ಸೈಲೆನ್ಸರ್ ತಾಗಿ ನನ್ನ ಎರಡನೇ ಹೊದಿಕೆಯಲ್ಲಿ ಅಂಗೈಯಷ್ಟು ತೂತು ಬಿತ್ತು. ಪೆಟ್ರೋಲ್ ಕ್ಯಾನ್ ಒಳಗೆ ಬಿಡುವುದಂತೂ ಬೇಡವೇ ಬೇಡ.

ಕಟ್ಟುವ ವಿಷಯ. ಏಪ್ರಿಲ್–ಮೇನಲ್ಲಿ ಅಡ್ಡಮಳೆ ಬರುವ ಮುಂಚೆ ಎಂಥ ಗಾಳಿ ಬೀಸುತ್ತೆ ಅಂತ ನಿಮಗೇ ಗೊತ್ತು. ಹಾಳೆ ಮೇಲೆ ಕಲ್ಲು ಹೇರಬೇಡಿ, ಗಾಳಿಗೆ ಅಲುಗಿ ಅವೇ ಹಾಳೆ ಕೊರೆಯುತ್ತವೆ. ಎರಡು ಲೀಟರಿನ ಬಾಟಲಿಗೆ ಮರಳು ತುಂಬಿ ಪಕ್ಕದ ಕಣ್ಣುಗಳಿಗೆ ನೇತುಹಾಕಿ. ಹಗ್ಗವನ್ನು ದೋಣಿಯ ಹೊಟ್ಟೆ ಕೆಳಗಿಂದ ಆ ಪಕ್ಕಕ್ಕೆ ತಂದು ಕಟ್ಟಿ, ಮಧ್ಯ ಒಂದು ತುಂಡು ಸೈಕಲ್ ಟ್ಯೂಬು ಸೇರಿಸಿದರೆ ಗಾಳಿಗೆ ಎಳೆದು ಬಿಟ್ಟು ಮಾಡುತ್ತೆ, ಕಣ್ಣು ಹರಿಯಲ್ಲ. ಹೊದಿಕೆಯ ಹಗ್ಗವನ್ನು ನೆಲದ ಗೂಟಕ್ಕೆ ಕಟ್ಟಲೇಬೇಡಿ. ನಿಮ್ಮದು ಕೃಷ್ಣೆ. ಮೇಲೆ ಆಲಮಟ್ಟಿಯಿಂದ ನೀರು ಬಿಟ್ಟರೆ ದಡ ಎಲ್ಲಿಂದ ಎಲ್ಲಿಗೆ ಬರುತ್ತೆ ಹೇಳಲಾಗದು. ದೋಣಿ ತೇಲಲು ನೋಡುತ್ತೆ, ಗೂಟ ಹೊದಿಕೆಯನ್ನು ಕೆಳಗೆ ಎಳೆಯುತ್ತೆ, ದೋಣಿ ವಾಲಿ ನೀರು ತುಂಬುತ್ತೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಕಲಬುರಗಿ, ಯಾದಗಿರಿ ಕಡೆ ನೀರು ಊರೊಳಗೇ ಬಂದಿದ್ದು ನೆನಪಿರಬಹುದು. ದೋಣಿಗೆ ಬೇರೆ, ಉದ್ದನೆಯ ಹಗ್ಗ ಇರಲಿ, ಅದು ಗಟ್ಟಿ ಮರಕ್ಕೆ.

ಕೊನೆಗೆ ಇನ್ನೊಂದು. ವಾರಗಟ್ಟಲೆ ಬಿಟ್ಟ ಹೊದಿಕೆಯನ್ನು ಕೈ ಹಾಕಿ ಎಳೆಯುವ ಮುಂಚೆ ಕೋಲಿನಿಂದ ನಾಲ್ಕು ಸಲ ಬಡಿದು, ಸ್ವಲ್ಪ ನಿಲ್ಲಿ. ಬಲೆಯ ಮೀನಿನ ವಾಸನೆಗೆ ಇಲಿ ಬರುತ್ತೆ, ಇಲಿಯ ಹಿಂದೆ ಹಾವು ಬರುತ್ತೆ. ಹೋದ ಮಳೆಗಾಲ ನಮ್ಮ ದೋಣಿಯಿಂದ ಒಂದು ಕೇರೆ ಹಾವು ಆರಾಮಾಗಿ ಇಳಿದು ಹೋಯ್ತು, ನಾನು ಮಾತ್ರ ಆರಾಮಾಗಿರಲಿಲ್ಲ.