ವೈಟ್ ಹೌಸ್‌ನ ಒಳಗೆ ಮೊದಮೊದಲು ಕೆಲಸಕ್ಕಿದ್ದವರು ಯಾರು?

ಅವರಲ್ಲಿ ಬಹಳಷ್ಟು ಜನ ಗುಲಾಮರು. 1800ರಲ್ಲಿ ಮೊದಲು ಅಲ್ಲಿಗೆ ಬಂದ ಅಧ್ಯಕ್ಷ ಜಾನ್ ಆಡಮ್ಸ್ ಗುಲಾಮರನ್ನು ಇಟ್ಟುಕೊಂಡಿರಲಿಲ್ಲ. ಆದರೆ ಆಗ ಮನೆಗೆಲಸದವರ ಸಂಬಳವನ್ನು ಅಧ್ಯಕ್ಷರೇ ಕೈಯಿಂದ ಕೊಡಬೇಕಿತ್ತು. ಹಾಗಾಗಿ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಂದ ಬಂದ ಅಧ್ಯಕ್ಷರು ತಮ್ಮ ಜಮೀನಿನ ಗುಲಾಮರನ್ನೇ ಕರೆತಂದರು. ಅವರು ಮಲಗುತ್ತಿದ್ದದ್ದು ನೆಲಮಾಳಿಗೆಯಲ್ಲಿ, ಇಲ್ಲವೇ ಅಟ್ಟದಲ್ಲಿ.

ಪಾಲ್ ಜೆನ್ನಿಂಗ್ಸ್ ಅವರ ಕತೆ ಎಲ್ಲರೂ ತಿಳಿಯಬೇಕಾದ್ದು. ಅವರು ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರ ಗುಲಾಮ. 1809ರಲ್ಲಿ ಅವರ ಜೊತೆ ವೈಟ್ ಹೌಸ್‌ಗೆ ಬಂದಾಗ ಜೆನ್ನಿಂಗ್ಸ್ ಇನ್ನೂ ಹುಡುಗ. 1814ರ ಆಗಸ್ಟ್ 24ರಂದು ಊಟದ ಮೇಜು ಸಜ್ಜು ಮಾಡಿದ್ದು ಅವರೇ. ಅಷ್ಟರಲ್ಲಿ ಆಗ ಅಮೆರಿಕದ ಜೊತೆ ಯುದ್ಧದಲ್ಲಿದ್ದ ಬ್ರಿಟಿಷ್ ಸೈನಿಕರು ಬಂದರು, ಆ ಊಟ ಮುಗಿಸಿ ಮನೆಗೆ ಬೆಂಕಿ ಇಟ್ಟರು. ಅಲ್ಲಿದ್ದ ಜಾರ್ಜ್ ವಾಷಿಂಗ್ಟನ್ ಚಿತ್ರವನ್ನು ಅಧ್ಯಕ್ಷರ ಹೆಂಡತಿ ಡಾಲಿ ಮ್ಯಾಡಿಸನ್ ಉಳಿಸಿದರು ಅಂತ ಈಗಲೂ ಹೇಳ್ತಾರಲ್ವಾ? ಅದನ್ನು ಇಳಿಸಿ ಸಾಗಿಸಿದ್ದು ಬಾಗಿಲು ಕಾಯುವವನು ಮತ್ತು ತೋಟದವನು ಎಂದು ಜೆನ್ನಿಂಗ್ಸ್ 1865ರ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಲ್ಲೇ ಇದ್ದವರ ಮಾತು, ನನಗೆ ಅದೇ ಜಾಸ್ತಿ ನಂಬಿಕೆ.

1847ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 120 ಡಾಲರ್ ಕೊಟ್ಟು ಜೆನ್ನಿಂಗ್ಸ್ ಅವರನ್ನು ಗುಲಾಮಗಿರಿಯಿಂದ ಬಿಡಿಸಿದರು. ತಿಂಗಳಿಗೆ 8 ಡಾಲರ್ ಲೆಕ್ಕದಲ್ಲಿ ದುಡಿದು ಅದನ್ನು ತೀರಿಸಬೇಕಿತ್ತು. ಆ ಹೊತ್ತಿಗೆ ಡಾಲಿ ಕಡುಬಡತನದಲ್ಲಿದ್ದರು. ಅವರಿಗೂ ಜೆನ್ನಿಂಗ್ಸ್ ಆಗಾಗ ತಮ್ಮ ಜೇಬಿನಿಂದ ಸ್ವಲ್ಪ ಹಣ ಕೊಡುತ್ತಿದ್ದರು.