ಮೊದಲ ಹನ್ನೊಂದು ವರ್ಷ ಎಲ್ಲಿ ಹೋಯ್ತು?

ನಮಸ್ಕಾರ.

ಅಮೆರಿಕದ ಬಾಸ್ಟನ್ ನಗರದ ಪಕ್ಕದ ಬ್ರೂಕ್‌ಲೈನ್‌ನಲ್ಲಿರುವ ಕಂಟ್ರಿ ಕ್ಲಬ್ ಹುಟ್ಟಿ ಬೆಳೆದ ಕಥೆ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗುವುದಕ್ಕೂ ಮನಸ್ಸಿಲ್ಲ. ಒಳ್ಳೆಯ ಕಥೆ ನಿಮ್ಮ ಕೈಯಲ್ಲಿದೆ, ನೀವು ಅದನ್ನು ಬಿಟ್ಟು ಬೇರೆಯದನ್ನು ಬರೆದಿದ್ದೀರಿ.

ಮೊದಲ ಸಾಲಿನಿಂದಲೇ ಶುರು ಮಾಡೋಣ. ‘ಗಾಲ್ಫ್ ಪ್ರಿಯರಾದ ಬಾಸ್ಟನ್ ಸಿರಿವಂತರು 1882ರಲ್ಲಿ ಈ ಕ್ಲಬ್ ಕಟ್ಟಿದರು’ ಎಂದಿದ್ದೀರಿ. ವರ್ಷ ಸರಿ. ಸಿರಿವಂತರು ಅನ್ನುವುದೂ ಸರಿ. ಗಾಲ್ಫ್ ಮಾತ್ರ ತಪ್ಪು. ಜೆ. ಮರ್ರೆ ಫೋರ್ಬ್ಸ್ ಗೆಳೆಯರನ್ನು ಕೂಡಿಸಿದಾಗ ಅವರ ತಲೆಯಲ್ಲಿ ಇದ್ದದ್ದು ಕುದುರೆ. ನಗರದಿಂದ ಗಾಡಿ ಕಟ್ಟಿಕೊಂಡು ಹೊರಟರೆ ಇಳಿದು ಕೂರಲು ಒಂದು ಮನೆ, ಸರಳ ಊಟ, ಮಲಗಲು ಕೋಣೆ, ಟೆನಿಸ್ ಅಂಗಳ, ಆಗಾಗ ಕುದುರೆ ರೇಸು. ಇಷ್ಟೇ ಯೋಜನೆ. ಅಲ್ಲಿಗೆ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಬಹುದಿತ್ತು. ನಗರದ ಕ್ಲಬ್ಬುಗಳು ಗಂಡಸರದೇ ಆಗಿದ್ದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ನೀವು ಇದನ್ನು ಒಂದು ಸಾಲಿನಲ್ಲೂ ಹೇಳಿಲ್ಲ. ಗಾಲ್ಫ್ ಅಲ್ಲಿಗೆ ಬಂದದ್ದು 1893ರಲ್ಲಿ. ನಡುವಿನ ಹನ್ನೊಂದು ವರ್ಷ ನಿಮ್ಮ ಲೇಖನದಲ್ಲಿ ಮಾಯವಾಗಿದೆ.

ಹೆಸರಿನ ಬಗ್ಗೆಯೂ ಒಂದು ಮಾತು. ಆ ಕ್ಲಬ್‌ನ ಹೆಸರು ‘ದಿ ಕಂಟ್ರಿ ಕ್ಲಬ್’, ಅಷ್ಟೇ. ಅದರಲ್ಲಿ ಊರಿನ ಹೆಸರಿಲ್ಲ. ಕನ್ನಡದಲ್ಲಿ ‘ದಿ’ಗೆ ಜಾಗ ಇಲ್ಲ ಅಂತ ನೀವು ಬಿಟ್ಟಿದ್ದೀರಿ, ಆದರೆ ಗಮ್ಮತ್ತು ಇರುವುದೇ ಅಲ್ಲಿ. ಊರಿಗೆ ಒಂದೇ ಬಾವಿ ಇದ್ದರೆ ‘ಬಾವಿ’ ಅಂದರೆ ಸಾಕು, ಯಾವ ಬಾವಿ ಅಂತ ಯಾರೂ ಕೇಳುವುದಿಲ್ಲ. ಇದೂ ಹಾಗೇ. ಇಂಥ ಇನ್ನೊಂದು ಇಲ್ಲದಿದ್ದಾಗ ಇಟ್ಟ ಹೆಸರು, ಆಮೇಲೆ ಇಂಥ ಕ್ಲಬ್ಬುಗಳಿಗೆಲ್ಲ ಅದೇ ಹೆಸರಾಯಿತು. ಇನ್ನು ಮೂರನೇ ಪುಟದಲ್ಲಿ ಅದನ್ನು ‘ದೇಶದ ಕ್ಲಬ್’ ಎಂದು ಬರೆದಿದ್ದೀರಲ್ಲ! ಇಲ್ಲಿ ಕಂಟ್ರಿ ಅಂದರೆ ದೇಶ ಅಲ್ಲ, ಪೇಟೆಯಾಚೆಯ ಹಳ್ಳಿಗಾಡು. ದಯವಿಟ್ಟು ತಿದ್ದಿ.

ಗಾಲ್ಫ್ ಬಂದ ಬಗೆಯನ್ನು ‘ಯುರೋಪಿನಿಂದ ಬಂದ ಯುವತಿಯೊಬ್ಬಳ ಮೂಲಕ’ ಎಂದು ಮುಗಿಸಿಬಿಟ್ಟಿದ್ದೀರಿ. ಆಕೆಗೆ ಹೆಸರಿದೆ, ಫ್ಲಾರೆನ್ಸ್ ಬಾಯ್ಟ್. ಫ್ರಾನ್ಸಿನ ಪೋ ಎಂಬ ಊರಿನಲ್ಲಿ ಗಾಲ್ಫ್ ಆಡಿದವಳು. 1892ರಲ್ಲಿ ವೆಲ್ಸ್‌ಲಿಯಲ್ಲಿದ್ದ ಮಾವ ಆರ್ಥರ್ ಹನಿವೆಲ್ ಮನೆಗೆ ಬರುವಾಗ ಗಾಲ್ಫ್ ಕೋಲುಗಳನ್ನೂ ಚೆಂಡುಗಳನ್ನೂ ತಂದಳು. ಮಾವನ ತೋಟದಲ್ಲೇ ಆಟ ಶುರುವಾಯಿತು. ಅಲ್ಲಿ ಆಡಿ ರುಚಿ ಹತ್ತಿದ ಲಾರೆನ್ಸ್ ಕರ್ಟಿಸ್, ನಮ್ಮಲ್ಲೂ ಇದು ಇರಲಿ ಎಂದು ಕ್ಲಬ್‌ನ ಸಮಿತಿಗೆ ಪತ್ರ ಬರೆದರು. ಖರ್ಚು 50 ಡಾಲರ್ ಮೀರುವುದಿಲ್ಲ ಎಂದೂ ಹೇಳಿದರು. ಆರು ಕುಳಿಗಳ ಅಂಕಣ ತಯಾರಾಯಿತು. ಅದೂ ಕುದುರೆ ರೇಸಿನ ಜಾಗದಲ್ಲೇ! ಆ ಐವತ್ತು ಡಾಲರನ್ನು ನೀವು ಅಡಿಟಿಪ್ಪಣಿಗೆ ಹಾಕಿದ್ದೀರಿ. ನಾನಾಗಿದ್ದರೆ ಲೇಖನವನ್ನು ಅದರಿಂದಲೇ ಶುರು ಮಾಡುತ್ತಿದ್ದೆ.

ಆ ಅಂಕಣದಲ್ಲಿ ನಡೆದ ಮೊದಲ ಗಾಲ್ಫ್ ಪ್ರದರ್ಶನದ ಪ್ರಸಂಗ ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಹನಿವೆಲ್ ಹೊಡೆದ ಮೊದಲ ಚೆಂಡೇ ನೇರ ಕುಳಿಗೆ ಬಿತ್ತಂತೆ. ‘ಜನ ಹುಚ್ಚೆದ್ದು ಕುಣಿದರು’ ಎಂದು ಬರೆದಿದ್ದೀರಿ. ಅಲ್ಲ ಸ್ವಾಮಿ, ಈ ಕಥೆಯ ಸ್ವಾರಸ್ಯವೇ ಉಲ್ಟಾ. ಯಾರೂ ಚಪ್ಪಾಳೆ ಕೂಡ ತಟ್ಟಲಿಲ್ಲ. ನೋಡಲು ಬಂದವರು ಗಾಲ್ಫನ್ನು ಅದುವರೆಗೆ ಕಂಡವರಲ್ಲ. ಕುಳಿಗೆ ಹಾಕುವುದೇ ಆಟ ತಾನೇ, ಹಾಕಿದ, ಅದರಲ್ಲೇನು ವಿಶೇಷ ಎಂದುಕೊಂಡರು. ಆಮೇಲಿನ ಹೊಡೆತಗಳು ಹಾಗೆ ಬೀಳದಿದ್ದಾಗಲೇ ಅವರಿಗೆ ನಿರಾಸೆಯಾದದ್ದು. ಸಿಕ್ಕಿದ ನಗುವನ್ನು ಅಳಿಸಿ ಅಲ್ಲಿ ಜೈಕಾರ ತುಂಬುವುದು ಯಾಕೆ?

1894ರಲ್ಲಿ ಐದು ಕ್ಲಬ್ಬುಗಳು ಸೇರಿ ಅಮೆರಿಕದ ಗಾಲ್ಫ್ ಸಂಸ್ಥೆ ಕಟ್ಟಿದವು, ಅವುಗಳಲ್ಲಿ ಇದೂ ಒಂದು. ಇದಕ್ಕೆ ಒಂದು ಸಾಲು ಸಾಕು. ಪದಾಧಿಕಾರಿಗಳ ಪಟ್ಟಿ ಬೇಡ.

ಉಳಿಸಿದ ಜಾಗವನ್ನೆಲ್ಲ ಫ್ರಾನ್ಸಿಸ್ ವೀಮೆಟ್‌ಗೆ ಕೊಡಿ. 1913ರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದ ಎಂದು ಹೇಳಿದ್ದೀರಿ, ಅವನು ಹುಟ್ಟಿದ್ದು 1893ರಲ್ಲಿ ಎಂದೂ ಹೇಳಿದ್ದೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ವಾ? ಆ ಆರು ಕುಳಿಗಳೂ ಈ ಹುಡುಗನೂ ಒಂದೇ ವಯಸ್ಸಿನವರು. ಮನೆ ರಸ್ತೆಯ ಆಚೆ ಬದಿ. ಕ್ಲಬ್‌ಗೆ ಸೇರುವಷ್ಟು ದುಡ್ಡಿಲ್ಲ. ಕಳೆದುಹೋದ ಚೆಂಡುಗಳನ್ನು ಹೆಕ್ಕಿಕೊಂಡು, ಸದಸ್ಯರ ಚೀಲ ಹೊರುವ ಕ್ಯಾಡಿಯಾಗಿ ಒಳಗೆ ಬಂದವನು. ಇಪ್ಪತ್ತನೇ ವಯಸ್ಸಿಗೆ ಅಲ್ಲೇ ಬ್ರಿಟಿಷ್ ಗಾಲ್ಫಿನ ಘಟಾನುಘಟಿಗಳಾದ ಹ್ಯಾರಿ ವಾರ್ಡನ್, ಟೆಡ್ ರೇ ಇಬ್ಬರನ್ನೂ ಸೋಲಿಸಿದ. ಮೂವರೂ ಸಮ ಬಂದಾಗ ಆಡಿಸಿದ ನಿರ್ಣಾಯಕ ಸುತ್ತಿನಲ್ಲಿ, ಅಂದರೆ ಪ್ಲೇಆಫ್‌ನಲ್ಲಿ, ಅವನದು 72 ಹೊಡೆತ, ಅವರದು 77 ಮತ್ತು 78; ಗಾಲ್ಫ್‌ನಲ್ಲಿ ಕಡಿಮೆ ಹೊಡೆದವನೇ ಗೆದ್ದವನು. ಅವನ ಚೀಲ ಹೊತ್ತವನು ಹತ್ತು ವರ್ಷದ ಎಡ್ಡಿ ಲೌರಿ. ‘ಹೀಗೆ ಕ್ಲಬ್‌ನ ಕೀರ್ತಿ ದಿಗಂತಕ್ಕೆ ಹಬ್ಬಿತು’ ಎಂಬ ನಿಮ್ಮ ಕೊನೆಯ ಸಾಲನ್ನು ಹೊಡೆದುಹಾಕಿ, ಆ ಹುಡುಗ ಚೀಲ ಎಳೆದುಕೊಂಡು ನಡೆಯುವುದನ್ನು ತೋರಿಸಿ.

ಸಂಸ್ಥಾಪಕರ ಫೋಟೊ ಬೇಡ. 1,200 ಪದ ಮೀರದ ಹಾಗೆ ಮತ್ತೆ ಬರೆದು ಕಳಿಸಿ, ಖಂಡಿತ ಓದುತ್ತೇನೆ. ‘ದೇಶದ ಕ್ಲಬ್’ ಐದನೇ ಪುಟದಲ್ಲೂ ಒಮ್ಮೆ ಇದೆ, ನೋಡಿಕೊಳ್ಳಿ.

— ಸಂಪಾದಕ