ನೈಲಾನ್ ರನ್ನರ್ ಪುಡಿ: ಬೆಳ್ಳಿ ಗೆರೆ ಏಕೆ?

ಪ್ರಶ್ನೆ: ನಮ್ಮದು ಸಣ್ಣ ಮೋಲ್ಡಿಂಗ್ ಘಟಕ. ನೈಲಾನ್-6 ರನ್ನರ್‌ಗಳನ್ನು (ಅಚ್ಚಿಗೆ ಪ್ಲಾಸ್ಟಿಕ್ ಹರಿಯುವ ಕಾಲುವೆಯಲ್ಲಿ ಗಟ್ಟಿಯಾಗಿ ಉಳಿದ ತುಂಡು) ಗ್ರೈಂಡರ್‌ಗೆ ಹಾಕಿ, ಹೊಸ ದಾಣಾದ (ಪ್ಲಾಸ್ಟಿಕ್ ಹರಳು) ಜೊತೆ ಅರ್ಧಕ್ಕರ್ಧ ಬೆರೆಸುತ್ತೇವೆ. ಅದರಿಂದ ಮಾಡಿದ ಬುಶ್‌ಗಳ (ಶಾಫ್ಟ್ ಕೂರುವ ಬಳೆಯಂಥ ಭಾಗ) ಮೇಲೆ ಬೆಳ್ಳಿ ಗೆರೆ ಮೂಡುತ್ತದೆ, ಒತ್ತಿದರೆ ಪಟ್ಟನೆ ಒಡೆಯುತ್ತವೆ. ಏನು ಮಾಡಬೇಕು?
– ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಮೊದಲ ಅನುಮಾನ ತೇವದ ಮೇಲೆ. ನೈಲಾನ್ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಬೆಳಗಾವಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪ್ಲಾಸ್ಟಿಕ್ ಕರಗಿಸುವ ಬ್ಯಾರೆಲ್‌ನ 240–260 ಡಿಗ್ರಿ ಶಾಖದಲ್ಲಿ ಆ ನೀರು ಆವಿಯಾಗಿ ಗೆರೆ ಎಳೆಯುತ್ತದೆ, ಜೊತೆಗೆ ನೈಲಾನಿನ ಉದ್ದನೆಯ ಅಣುಸರಪಳಿಯನ್ನೂ ತುಂಡರಿಸುತ್ತದೆ. ಹೀಗೆ ಹಾಳಾದ ಮಾಲನ್ನು ಆಮೇಲೆ ಎಷ್ಟು ಒಣಗಿಸಿದರೂ ಬಲ ಮರಳದು. ಆದ್ದರಿಂದ ಗೆರೆ ಬಿದ್ದ ಬುಶ್‌ಗಳನ್ನು ಮತ್ತೆ ಗ್ರೈಂಡರ್‌ಗೆ ಹಾಕಲೇಬೇಡಿ.

ರನ್ನರ್ ಬಿದ್ದ ಕೂಡಲೇ ಪುಡಿ ಮಾಡಿ, ಗಾಳಿಯಾಡದ ಡ್ರಮ್ಮಿನಲ್ಲಿ ಮುಚ್ಚಿಡಿ. ಬಳಸುವ ಮುನ್ನ 80 ಡಿಗ್ರಿಯಲ್ಲಿ 4ರಿಂದ 6 ಗಂಟೆ ಒಣಗಿಸಿ; ತೇವ ಶೇ 0.2ಕ್ಕಿಂತ ಕಡಿಮೆ ಇರಬೇಕು. ಬಿಸಿಗಾಳಿ ಹಾಪರ್ (ಯಂತ್ರಕ್ಕೆ ದಾಣಾ ಸುರಿಯುವ ತೊಟ್ಟಿ) ಮಳೆಗಾಲದಲ್ಲಿ ತೇವದ ಗಾಳಿಯನ್ನೇ ಊದುತ್ತದೆ, ಗಾಳಿಯ ತೇವ ತೆಗೆದು ಊದುವ ಡಿಹ್ಯುಮಿಡಿಫೈಯಿಂಗ್ ಡ್ರೈಯರ್‌ಗೆ ಹಾಕಿದ ಹಣ ದಂಡವಲ್ಲ. ಶಾಖ 90 ದಾಟಿದರೆ ದಾಣಾ ಹಳದಿಯಾಗುತ್ತದೆ.

ಅರ್ಧಕ್ಕರ್ಧ ಬಹಳವಾಯಿತು. ಭಾರ ಹೊರುವ ಬುಶ್‌ಗೆ ರನ್ನರ್ ಪುಡಿ ಶೇ 20–25 ಸಾಕು. ಗ್ರೈಂಡರ್ ಬ್ಲೇಡ್ ಮೊಂಡಾದರೆ ಧೂಳು ಹೆಚ್ಚುತ್ತದೆ, ಅದು ಬೇಗ ಕರಗಿ ಸುಟ್ಟು ಕಪ್ಪು ಚುಕ್ಕೆ ಬಿಡುತ್ತದೆ. ಜರಡಿ ಹಿಡಿದು ತೆಗೆಯಿರಿ. ಹಾಪರ್‌ನಲ್ಲಿ ಆಯಸ್ಕಾಂತ ಇರಲಿ.

ಹೊರಗಿನ ಸ್ಕ್ರ್ಯಾಪ್ ಬೆರೆತಿದ್ದರೆ ಹಿಡಿಯಷ್ಟನ್ನು ನೀರಿಗೆ ಹಾಕಿ ನೋಡಿ. ತೇಲುವುದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್, ನೈಲಾನ್ ಮುಳುಗುತ್ತದೆ. ಆದರೆ ಎಬಿಎಸ್, ಪಿವಿಸಿಯಂಥ ಬೇರೆ ಪ್ಲಾಸ್ಟಿಕ್‌ಗಳೂ ಮುಳುಗುತ್ತವೆ, ಹಾಗಾಗಿ ಮೂಲ ಗೊತ್ತಿಲ್ಲದ ಮಾಲನ್ನು ಬುಶ್‌ಗೆ ಬಳಸಬೇಡಿ.